ಪೇ-ಪರ್-ವ್ಯೂ ಖಾತೆಯ ಕಾಣದ ಮಿತಿಯನ್ನು ನಾನು ಪತ್ತೆ ಮಾಡಿದ ಬಗೆ

ಅಮೆರಿಕದ ಕೇಬಲ್ ಅಥವಾ ಉಪಗ್ರಹ ಟಿವಿಯಲ್ಲಿ ರಿಮೋಟ್ ಒತ್ತಿ ಒಂದು ಚಲನಚಿತ್ರವನ್ನೋ ಬಾಕ್ಸಿಂಗ್ ಪಂದ್ಯವನ್ನೋ ತರಿಸಿಕೊಂಡಾಗ (ನೋಡುವ ಪ್ರತಿಯೊಂದಕ್ಕೂ ಬೇರೆಯಾಗಿ ಹಣ ಕೊಡುವ ಈ ಪದ್ಧತಿಗೇ ಪೇ-ಪರ್-ವ್ಯೂ ಎಂದು ಹೆಸರು) ಸಾಮಾನ್ಯವಾಗಿ ಹಣ ಆ ಕ್ಷಣದಲ್ಲಿ ಕೈ ಬದಲಾಯಿಸುವುದಿಲ್ಲ. ಅದರ ಬೆಲೆ ತಿಂಗಳ ಬಿಲ್ಲಿಗೆ ಸೇರುತ್ತದೆ, ಬಿಲ್ಲು ಕಟ್ಟಿದ ಮೇಲಷ್ಟೇ ಕಂಪನಿಗೆ ಮುಟ್ಟುತ್ತದೆ. ಅಂದರೆ ಇದು ಅಪ್ಪಟ ಉದ್ದರಿ ವ್ಯಾಪಾರ. ಉದ್ದರಿ ಕೊಡುವವರು ಒಂದು ಮಿತಿ ಇಟ್ಟುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನಮ್ಮೂರಿನ ದಿನಸಿ ಅಂಗಡಿಯವರೂ ಇಟ್ಟುಕೊಂಡಿದ್ದರು, ಆದರೆ ಕೇಳಿದರೆ ಲೆಕ್ಕದ ಪುಸ್ತಕ ತೆರೆದು ಬಾಕಿ ಎಷ್ಟೆಂದು ತೋರಿಸುತ್ತಿದ್ದರು. ನ್ಯೂಜೆರ್ಸಿಯಲ್ಲಿ ನಾನು ಚಂದಾದಾರನಾಗಿದ್ದ ಕೇಬಲ್ ಕಂಪನಿಯಾದರೋ ಆ ಮಿತಿಯನ್ನು ಬಿಲ್ಲಿನಲ್ಲಿಯೂ ಟಿವಿಯ ಪರದೆಯಲ್ಲಿಯೂ ಎಲ್ಲಿಯೂ ನಮೂದಿಸಿರಲಿಲ್ಲ. ಮಿತಿ ಇದೆ ಎಂಬುದೇ ಅದನ್ನು ಮುಟ್ಟಿದ ಮೇಲೆ ಗೊತ್ತಾಗುತ್ತಿತ್ತು.

ನಾನು ಮುಟ್ಟಿದ್ದು 2015ರ ಮೇ 2ರಂದು. ಅಂದು ಲಾಸ್ ವೇಗಾಸ್‌ನಲ್ಲಿ ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪ್ಯಾಕಿಯಾವೊ ನಡುವೆ ಬಾಕ್ಸಿಂಗ್ ಪಂದ್ಯವಿತ್ತು. ಎಚ್‌ಡಿಯಲ್ಲಿ ನೋಡಲು 99.95 ಡಾಲರ್, ಸಾಮಾನ್ಯ ಗುಣಮಟ್ಟದಲ್ಲಿ 89.95 ಡಾಲರ್, ಅಲ್ಲಿಯವರೆಗೆ ಪೇ-ಪರ್-ವ್ಯೂನಲ್ಲಿ ಕೇಳಿರದಂಥ ದರ. ಕಚೇರಿಯ ಸ್ನೇಹಿತರೆಲ್ಲ ಹಣ ಹಂಚಿಕೊಂಡು ನಮ್ಮ ಮನೆಯಲ್ಲಿ ನೋಡುವುದೆಂದು ನಿಶ್ಚಯವಾಗಿತ್ತು. ಮಧ್ಯಾಹ್ನವೇ ಎಚ್‌ಡಿ ಆರ್ಡರ್ ಮಾಡಲು ಹೋದರೆ, ಈಗ ಆರ್ಡರ್ ಸ್ವೀಕರಿಸಲು ಸಾಧ್ಯವಿಲ್ಲ, ಗ್ರಾಹಕ ಸೇವೆಗೆ ಕರೆ ಮಾಡಿ ಎಂಬ ಸಂದೇಶ ಬಂದಿತು. ಆ ರಾತ್ರಿ ದೇಶದ ಹಲವೆಡೆ ಆರ್ಡರುಗಳ ಒತ್ತಡದಿಂದ ಕೇಬಲ್ ಮತ್ತು ಉಪಗ್ರಹ ಕಂಪನಿಗಳ ವ್ಯವಸ್ಥೆಗಳು ತತ್ತರಿಸಿ, ಪಂದ್ಯದ ಆರಂಭವನ್ನೇ ಮುಂದೂಡಬೇಕಾಯಿತು ಎಂಬುದು ನಿಜ. ಆದರೆ ನನ್ನ ಆರ್ಡರ್ ತಿರಸ್ಕೃತವಾದದ್ದು ಆ ನೂಕುನುಗ್ಗಲು ಶುರುವಾಗುವುದಕ್ಕೆ ಬಹಳ ಮೊದಲು.

ಬಹಳ ಹೊತ್ತು ಕಾದ ಮೇಲೆ ಫೋನಿನಲ್ಲಿ ಸಿಕ್ಕ ಪ್ರತಿನಿಧಿ ವಿನಯವಾಗಿಯೇ ಮಾತನಾಡಿದರು. ನನ್ನ ಖಾತೆಗೆ ಒಂದು ಖರೀದಿ ಮಿತಿ ಇದೆಯೆಂದೂ, ಅದು ಎಷ್ಟೆಂದು ಹೇಳಲು ತಮಗೆ ಅನುಮತಿಯಿಲ್ಲವೆಂದೂ, ಎಚ್‌ಡಿ ಆಗದಿದ್ದರೂ ಸಾಮಾನ್ಯ ಗುಣಮಟ್ಟದ್ದನ್ನು ಕೊಡಬಹುದೆಂದೂ ತಿಳಿಸಿದರು. ಬಾಕಿಯನ್ನು ಈಗಲೇ ಕಟ್ಟಿದರೆ ಹೇಗೆ ಎಂದು ಕೇಳಿದೆ. ಬ್ಯಾಂಕ್ ಖಾತೆಯಿಂದ ಕಟ್ಟಿದ ಹಣ ಜಮೆಯಾಗುವವರೆಗೆ ಮಿತಿ ಸಡಿಲವಾಗುವುದಿಲ್ಲ, ಅಂದು ಶನಿವಾರವಾದ್ದರಿಂದ ಸೋಮವಾರಕ್ಕೆ ಮೊದಲು ಜಮೆಯಾಗುವುದಿಲ್ಲ ಎಂಬ ಉತ್ತರ ಬಂದಿತು. ಬೇರೆ ದಾರಿ ಕಾಣದೆ ಸಾಮಾನ್ಯ ಗುಣಮಟ್ಟದ್ದಕ್ಕೇ ಒಪ್ಪಿದೆ. ಫೋನ್ ಮೂಲಕ ಆರ್ಡರ್ ಮಾಡಿದ್ದಕ್ಕೆ ಪ್ರತ್ಯೇಕ ಸೇವಾ ಶುಲ್ಕವೂ ಬಿದ್ದಿತು.

ಮಿತಿಯ ಮೊತ್ತ ಹೇಳಲಾಗದು ಎಂದ ಆ ಮಾತಿನಲ್ಲೇ ಅದರ ಸುಳಿವಿತ್ತು. ಹಿಂದಿನ ಪಾವತಿ ಜಮೆಯಾದ ಮೇಲೆ ಮನೆಯಲ್ಲಿ ತೆಗೆದುಕೊಂಡ ಚಿತ್ರಗಳ ಒಟ್ಟು ಬೆಲೆ 59.90 ಡಾಲರ್. ಅದಕ್ಕೆ 89.95 ಕೂಡಿಸಿದರೆ 149.85, ಅದು ಒಪ್ಪಿತವಾಯಿತು, 99.95 ಕೂಡಿಸಿದರೆ 159.85, ಅದು ತಿರಸ್ಕೃತವಾಯಿತು. ಹಾಗಾದರೆ ಮಿತಿ ಈ ಎರಡು ಸಂಖ್ಯೆಗಳ ನಡುವೆ ಇರಬೇಕು, ಬಹುಮಟ್ಟಿಗೆ 150 ಡಾಲರ್ ಇರಬೇಕು ಎಂದು ಊಹಿಸಿದೆ. ಕೆಳಗಿನ ಕೋಣೆಯ ಟಿವಿಗೆ ಜೋಡಿಸಿದ ಸೆಟ್-ಟಾಪ್ ಬಾಕ್ಸಿನಲ್ಲಿ ಮಕ್ಕಳು ನೋಡಿದ ಚಿತ್ರಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಎರಡು ಆರ್ಡರುಗಳೂ 150ರೊಳಗೇ ಉಳಿದು, ಎಚ್‌ಡಿ ತಿರಸ್ಕಾರಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದ್ದರಿಂದ ಮಿತಿ ಇರುವುದು ಪ್ರತಿಯೊಂದು ಬಾಕ್ಸಿಗಲ್ಲ, ಇಡೀ ಖಾತೆಗೆ ಎಂಬುದೂ ಖಚಿತವಾಯಿತು.

ಈ ಏರ್ಪಾಡಿನ ಬೇರು ಹಳೆಯದು. ಉಪಗ್ರಹ ಟಿವಿಯ ಬಾಕ್ಸುಗಳಿಗೆ ಮನೆಯ ಫೋನ್ ತಂತಿಯನ್ನು ಜೋಡಿಸಬೇಕಿದ್ದ ಕಾಲದಲ್ಲಿ, ರಿಮೋಟ್‌ನಿಂದ ಮಾಡಿದ ಖರೀದಿ ಮೊದಲು ಬಾಕ್ಸಿನೊಳಗಿನ ಕಾರ್ಡಿನಲ್ಲಿ ದಾಖಲಾಗಿ, ಆಮೇಲೆ ಎಂದಾದರೂ ಬಾಕ್ಸು ತಾನೇ ಫೋನ್ ಮಾಡಿದಾಗ ಕಂಪನಿಗೆ ವರದಿಯಾಗುತ್ತಿತ್ತು. ವರದಿಯಾಗುವ ಮೊದಲು ಯಾರೂ ಅಳತೆಮೀರಿ ಕೊಳ್ಳಬಾರದೆಂದು ಮಿತಿ ಬೇಕಾಗಿತ್ತು. 2007ರ ಕ್ರಿಕೆಟ್ ವಿಶ್ವಕಪ್ಪಿಗೆಂದು ನಮ್ಮವರು ಅನೇಕರು ಡಿಶ್ ಹಾಕಿಸಿಕೊಂಡು ಪ್ರತ್ಯೇಕ ಹಣ ತೆತ್ತದ್ದು ಅಂಥ ಬಾಕ್ಸುಗಳ ಕಾಲದಲ್ಲೇ. (ದ್ರಾವಿಡ್ ನಾಯಕತ್ವದ ತಂಡ ಮೊದಲ ಸುತ್ತಿನಲ್ಲೇ ಹೊರಬಿದ್ದ ಮೇಲೆ ಆ ಹಣದ ಬಗ್ಗೆ ಕೇಳಿದ ಗೊಣಗಾಟದ ಮುಂದೆ ನನ್ನ ದೂರು ಏನೇನೂ ಅಲ್ಲ.) ಈಗಿನ ಕೇಬಲ್ ಬಾಕ್ಸು ಪ್ರತಿ ಆರ್ಡರನ್ನೂ ಕೂಡಲೇ ಕಂಪನಿಯ ಲೆಕ್ಕದ ಗಣಕಕ್ಕೆ ಕೇಳಿಯೇ ಒಪ್ಪುತ್ತದೆ. ಉಳಿದಿರುವ ಮೊತ್ತ ಎಷ್ಟೆಂದು ಆ ಗಣಕಕ್ಕೆ ಗೊತ್ತಿರುವಾಗ ಅದನ್ನು ಪರದೆಯ ಮೇಲೆ ತೋರಿಸುವುದಕ್ಕೆ ತಾಂತ್ರಿಕ ಅಡ್ಡಿ ಇರಲಾರದು. ತೋರಿಸದಿರುವುದು ಕಂಪನಿಯ ಇಚ್ಛೆಯಷ್ಟೇ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಬಿಲ್ಲು ಬಂದಾಗ ಪತ್ರ ಬರೆದೆ. ಮಿತಿಯ ಬಗ್ಗೆ ಮಾತ್ರ ಕೇಳಿದರೆ ಅದು ವಿಚಾರಣೆ ಎನಿಸಿಕೊಂಡು ಮೂಲೆ ಸೇರುತ್ತದೆ; ಬಿಲ್ಲಿನಲ್ಲಿರುವ ಒಂದು ಮೊತ್ತವನ್ನು ಪ್ರಶ್ನಿಸಿದರೆ ಅದು ಬಿಲ್ ತಕರಾರು. ಕೇಬಲ್ ಕಂಪನಿಗಳು ಬಿಲ್ ತಕರಾರಿನ ಲಿಖಿತ ದೂರಿಗೆ 30 ದಿನಗಳೊಳಗೆ ಉತ್ತರಿಸಬೇಕೆಂದು ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿನ ನಿಯಮವಿದೆ. ಆದ್ದರಿಂದ ಫೋನ್ ಆರ್ಡರಿನ ಶುಲ್ಕವನ್ನೇ ಹಿಡಿದುಕೊಂಡೆ: ನೀವು ತಿಳಿಸದೆ ಇಟ್ಟ ಮಿತಿಯಿಂದಾಗಿ ರಿಮೋಟ್ ಕೆಲಸ ಮಾಡಲಿಲ್ಲವಾದ್ದರಿಂದ ಈ ಶುಲ್ಕ ನ್ಯಾಯವಲ್ಲ ಎಂದು ಬರೆದು, ಅದರ ಜೊತೆಗೇ ಮಿತಿ ಎಷ್ಟು, ಅದು ತಿಂಗಳ ಮೊದಲ ದಿನಕ್ಕೆ ಹೊಸದಾಗುತ್ತದೆಯೇ ಅಥವಾ ಪಾವತಿ ಜಮೆಯಾದಾಗಲೇ, ಹೆಚ್ಚಿಸಲು ಏನು ಮಾಡಬೇಕು ಎಂದು ಕೇಳಿದೆ. ನ್ಯೂಜೆರ್ಸಿಯಲ್ಲಿ ಕೇಬಲ್ ವ್ಯವಹಾರದ ಮೇಲ್ವಿಚಾರಣೆ ರಾಜ್ಯದ ಬೋರ್ಡ್ ಆಫ್ ಪಬ್ಲಿಕ್ ಯುಟಿಲಿಟೀಸ್‌ಗೆ ಸೇರಿದ್ದು. ಪತ್ರದ ಪ್ರತಿಯನ್ನು ಅಲ್ಲಿಗೆ ಕಳುಹಿಸುತ್ತಿರುವುದಾಗಿ ಕೆಳಗೆ ನಮೂದಿಸಿದೆ.

ಫೋನಿನಲ್ಲಿ ಹೇಳಲಾಗದ್ದು ಕಾಗದದಲ್ಲಿ ಬಂದಿತು. ಮಿತಿ 150 ಡಾಲರ್, ಇಡೀ ಖಾತೆಗೆ ಒಂದೇ, ಪಾವತಿ ಜಮೆಯಾದಾಗ ಹೊಸದಾಗುತ್ತದೆ. ಸಕಾಲಕ್ಕೆ ಬಿಲ್ ಕಟ್ಟುತ್ತ ಬಂದವರು ಕೇಳಿದರೆ ಹೆಚ್ಚಿಸಲಾಗುತ್ತದೆ. ಶುಲ್ಕವನ್ನು ಮರಳಿಸಿದರು, ನಾನು ಕೇಳಿದ್ದರಿಂದ ಮಿತಿಯನ್ನು 300 ಡಾಲರಿಗೆ ಏರಿಸಿದರು.

ಅಂದಿನಿಂದ ದೊಡ್ಡ ಪಂದ್ಯವಿದ್ದರೆ ಆ ವಾರದ ಮಂಗಳವಾರ ಅಥವಾ ಬುಧವಾರ ಬಾಕಿಯನ್ನು ಕಟ್ಟಿ, ಅದು ಜಮೆಯಾದದ್ದನ್ನು ಖಾತೆಯಲ್ಲಿ ನೋಡಿಕೊಂಡೇ ಆರ್ಡರ್ ಮಾಡುತ್ತಿದ್ದೆ. ಎರಡೂ ಬಾಕ್ಸುಗಳಲ್ಲಿ ಖರೀದಿಗೆ ಪಿನ್ ಇಟ್ಟು, ತೆಗೆದುಕೊಂಡ ಚಿತ್ರದ ಬೆಲೆಯನ್ನು ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ಬರೆಯುವುದು ಮನೆಯವರೆಲ್ಲರ ಕೆಲಸವಾಯಿತು. ಆದರೂ ಆ ಕಂಪನಿಯ ಚಂದಾ ಬಿಡುವವರೆಗೂ ಬಂದ ಬಿಲ್ಲುಗಳಲ್ಲಿ 300 ಎಂಬ ಸಂಖ್ಯೆ ಒಮ್ಮೆಯೂ ಅಚ್ಚಾಗಲಿಲ್ಲ. ಹೊಸ ಪ್ರತಿನಿಧಿ ಸಿಕ್ಕಾಗಲೆಲ್ಲ ಆ ಪತ್ರದ ದಿನಾಂಕವನ್ನು ನಾನೇ ಹೇಳಬೇಕಾಗುತ್ತಿತ್ತು.