ಎಲ್ಮ್ ಎಂಬ ಸ್ಲೇಟಿನ ಊರು: ಸಣ್ಣ ಸ್ವಿಸ್ ಹಳ್ಳಿಯೊಂದನ್ನು ನಿಧಾನವಾಗಿ ನೋಡುವುದು ಹೇಗೆ

ಮಕ್ಕಳು ಸ್ವಿಟ್ಜರ್‌ಲ್ಯಾಂಡಿನಲ್ಲಿದ್ದರೆ ನಮ್ಮಂಥ ಅಪ್ಪ ಅಮ್ಮಂದಿರನ್ನು ಎಲ್ಲೆಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಅಂತ ಗೊತ್ತಲ್ಲ. ಯುಂಗ್‌ಫ್ರಾವ್, ಟಿಟ್ಲಿಸ್, ರೈನ್ ಜಲಪಾತ. ನಾನೂ ಹೋದೆ. ಹಿಮ ಮುಟ್ಟಿದೆ, ಫೋಟೊ ತೆಗೆಸಿಕೊಂಡೆ, ಡಬ್ಬಿಯಲ್ಲಿದ್ದ ಪುಳಿಯೋಗರೆ ತಿಂದೆ. ಮೂರನೇ ಬೆಟ್ಟದ ಹೊತ್ತಿಗೆ ಮಗನಿಗೆ ಹೇಳಿಬಿಟ್ಟೆ: "ಸಾಕಪ್ಪಾ. ಇನ್ನು ಯಾವುದಾದ್ರೂ ಒಂದು ಸಣ್ಣ ಊರಿಗೆ ಕರ್ಕೊಂಡು ಹೋಗು. ಇಡೀ ದಿನ ಅಲ್ಲೇ ಇರೋಣ."

31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಊರು ಅಂದರೆ ಮೊದಲು ನೆಲ, ಆಮೇಲೆ ಜನ, ಆಮೇಲೆ ರಾಜರು ಅನ್ನುವ ಕ್ರಮ ರಕ್ತದಲ್ಲೇ ಇದೆ. ಮಗ ಹುಡುಕಿ ಆರಿಸಿದ್ದು ಗ್ಲಾರುಸ್ ಪ್ರಾಂತ್ಯದ ಎಲ್ಮ್. ಆರೇಳು ನೂರು ಜನರ ಊರು, ಸುಮಾರು 1,000 ಮೀಟರ್ ಎತ್ತರ, ಸೆರ್ನ್ಫ್ ಎಂಬ ಹೊಳೆಯ ಕಣಿವೆಯ ಕೊನೆ. ಅಲ್ಲಿಂದ ಮುಂದೆ ಬಸ್ಸು ಹೋಗುವುದಿಲ್ಲ, ಬೆಟ್ಟವೇ. ನಾನು ಎರಡು ಸಲ ಹೋದೆ. ಮೊದಲ ಸಲ ಮಾಡಿದ ತಪ್ಪುಗಳನ್ನು ನೀವು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಹಿಂದಿನ ರಾತ್ರಿ ಒಂದು ಅರ್ಧ ಗಂಟೆ ಮ್ಯಾಪ್ ಮುಂದೆ ಕೂರಿ. ಗೂಗಲ್ ಮ್ಯಾಪ್ ಬೇಡ. ಸ್ವಿಸ್ ಸರ್ವೆ ಇಲಾಖೆ ಸ್ವಿಸ್‌ಟೋಪೋ ತನ್ನ ನಕ್ಷೆಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ಅದರಲ್ಲಿ 'ಜೈಟ್‌ರೈಸೆ' ಅಂತ ಒಂದು ಗುಂಡಿ ಇದೆ, ಕಾಲಯಾನ ಅಂತ ಅರ್ಥ. ಅದನ್ನು ಒತ್ತಿದರೆ 19ನೇ ಶತಮಾನದ ನಕ್ಷೆಯಿಂದ ಇವತ್ತಿನವರೆಗೆ ಒಂದೊಂದೇ ವರ್ಷ ಸರಿಸುತ್ತಾ ಬರಬಹುದು. ಎಲ್ಮ್ ಮೇಲೆ ನಿಲ್ಲಿಸಿ ಸರಿಸಿ ನೋಡಿ. 1905ರಲ್ಲಿ ಶುರುವಾದ ಸಣ್ಣ ರೈಲು ಕಣಿವೆಯೊಳಗೆ ಬರುತ್ತದೆ, 1969ರಲ್ಲಿ ನಿಂತದ್ದರಿಂದ ಮಾಯವಾಗುತ್ತದೆ. ಈಗ ನೀವು ಹೋಗುವ ಬಸ್ಸು ಅದರ ಬದಲಿಗೆ ಬಂದದ್ದು. ನನ್ನ ಕಾಲದಲ್ಲಿ ಕ್ಲಾಸಿನಲ್ಲಿ ಇಂಥದ್ದೊಂದು ಇದ್ದಿದ್ದರೆ ಹಿಂದಿನ ಬೆಂಚಿನ ಹುಡುಗರೂ ಮುಂದೆ ಬಂದು ಕೂರುತ್ತಿದ್ದರು.

ಇನ್ನೊಂದು ವಿಷಯ. ಇಂಟರ್ನೆಟ್ಟಿನಲ್ಲಿ ಹುಡುಕುವಾಗ 'ಎಲ್ಮ್' ಗ್ರಾಮ ಪಂಚಾಯ್ತಿಯ ಈಗಿನ ಅಂಕಿಅಂಶ ಸಿಗುವುದಿಲ್ಲ. ಯಾಕೆಂದರೆ ಆ ಪಂಚಾಯ್ತಿಯೇ ಇಲ್ಲ. ಗ್ಲಾರುಸಿನ ಮತದಾರರು 2006ರ ಬಯಲು ಸಭೆಯಲ್ಲಿ ಕೈ ಎತ್ತಿ, ಇದ್ದ 25 ಪಂಚಾಯ್ತಿಗಳನ್ನು ಮೂರಕ್ಕೆ ಇಳಿಸಿಬಿಟ್ಟರು! 2011ರ ಜನವರಿ 1ರಿಂದ ಎಲ್ಮ್ 'ಗ್ಲಾರುಸ್ ಸ್ಯೂಡ್' ಎಂಬ ದೊಡ್ಡ ಪಂಚಾಯ್ತಿಯ ಒಂದು ಭಾಗ. ನಮ್ಮಲ್ಲಿ ಎರಡು ಗ್ರಾಮ ಪಂಚಾಯ್ತಿ ಸೇರಿಸಲು ಹೋದರೆ ಏನಾಗುತ್ತದೆ ಅಂತ ಯೋಚಿಸಿ ನಗು ಬಂತು.

ದಾರಿ ಸುಲಭ. ಜ್ಯೂರಿಕ್‌ನಿಂದ ಲಿಂಟಾಲ್ ಕಡೆ ಹೋಗುವ ರೈಲು ಹತ್ತಿ ಶ್ವಾಂಡೆನ್‌ನಲ್ಲಿ ಇಳಿಯಿರಿ. ಅಲ್ಲಿಂದ ಬಸ್ಸು. ಎಲ್ಲ ಸೇರಿ ಎರಡು ಗಂಟೆ ಇಟ್ಟುಕೊಳ್ಳಿ. ಟಿಕೆಟ್ಟಿಗೆ ಅರ್ಧ ದರದ ಕಾರ್ಡು ಇಲ್ಲದೆ ಹೊರಡಬೇಡಿ, ಎದೆ ಒಡೆಯುತ್ತದೆ.

ಆದರೆ ಶ್ವಾಂಡೆನ್‌ನಲ್ಲಿ ಇಳಿದ ಕೂಡಲೇ ಬಸ್ಸು ಹತ್ತಬೇಡಿ. ನಾವು ಮೊದಲ ಸಲ ಹತ್ತಿಬಿಟ್ಟೆವು. ಸ್ಟೇಷನ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಲೋಖ್‌ಸೈಟೆ ಅನ್ನುವ ಜಾಗ ಇದೆ. ಮರಗಳ ನಡುವೆ ಒಂದು ಬಂಡೆ, ಮುಂದಕ್ಕೆ ಚಾಚಿಕೊಂಡ ಸೂರಿನ ಹಾಗೆ. ಮೇಲಿನ ಕಲ್ಲು ಗಟ್ಟಿ, ಹಸಿರು ಕೆಂಪು ಬಣ್ಣದ್ದು. ಕೆಳಗಿನದು ಕಪ್ಪಗೆ, ಪದರ ಪದರ, ಉಗುರಿಗೂ ಪುಡಿಯಾಗುತ್ತದೆ. ನಡುವೆ ಬಿಳಿಚಿದ ಸುಣ್ಣಕಲ್ಲಿನ ಪಟ್ಟಿ. ಅದರೊಳಗೆ ಚಾಕುವಿನಲ್ಲಿ ಕೊಯ್ದ ಹಾಗೆ ಒಂದು ಗೆರೆ. ಆ ಗೆರೆಯ ಮೇಲೆ ಬೆರಳಿಡಿ. ಮೇಲಿನ ಕಲ್ಲಿನ ವಯಸ್ಸು 25ರಿಂದ 30 ಕೋಟಿ ವರ್ಷ. ಕೆಳಗಿನದಕ್ಕೆ ಬರೀ ಮೂರೂವರೆಯಿಂದ ಐದು ಕೋಟಿ. ಅಜ್ಜ ಮೊಮ್ಮಗನ ಹೆಗಲೇರಿ ಕೂತಿದ್ದಾನೆ! ಆಫ್ರಿಕಾ ಕಡೆಯ ನೆಲ ಯುರೋಪನ್ನು ಒತ್ತಿದಾಗ ಹಳೆಯ ಕಲ್ಲಿನ ಹಾಸು ಹೊಸ ಕಲ್ಲಿನ ಮೇಲೆ ಹತ್ತಾರು ಕಿಲೋಮೀಟರ್ ಜಾರಿ ಬಂತು. 19ನೇ ಶತಮಾನದ ಪಂಡಿತರು ಇದನ್ನು ನೋಡಿ ತಲೆ ಕೆಡಿಸಿಕೊಂಡರು. ಆಲ್ಬರ್ಟ್ ಹೈಮ್ ಎಂಬ ದೊಡ್ಡ ಭೂವಿಜ್ಞಾನಿ ಎರಡು ಮಡಿಕೆ ಎದುರುಬದುರು ಬಿದ್ದಿವೆ ಎಂದು ಬಹಳ ವರ್ಷ ವಾದಿಸಿದ. 1884ರಲ್ಲಿ ಮಾರ್ಸೆಲ್ ಬೆರ್ಟ್ರಾಂ ಎಂಬ ಫ್ರೆಂಚ್ ವಿಜ್ಞಾನಿ, ಇಲ್ಲ, ಇದು ಒಂದೇ ಜಾರು ಎಂದ. ಅವನದೇ ಸರಿ. ಸಾರ್ಡೋನಾ ಎಂಬ ಹೆಸರಿನಲ್ಲಿ ಈ ಬೆಟ್ಟಸಾಲು 2008ರಿಂದ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿದೆ.

ಇದನ್ನು ಮೊದಲು ನೋಡಬೇಕು ಅನ್ನುವುದಕ್ಕೆ ಕಾರಣ ಇದೆ. ಎಲ್ಮ್‌ನಲ್ಲಿ ಬಸ್ಸಿಳಿದು ತಲೆ ಎತ್ತಿದರೆ ಚಿಂಗೆಲ್‌ಹಾರ್ನರ್ ಎಂಬ ಹಲ್ಲು ಹಲ್ಲಾದ ಶಿಖರಗಳು. ಅದೇ ಗೆರೆ ಅಲ್ಲಿ ಆಕಾಶದಲ್ಲಿದೆ, ಅಡ್ಡಕ್ಕೆ, ಸ್ಕೇಲಿಟ್ಟು ಎಳೆದ ಹಾಗೆ. ಕೆಳಗೆ ಬೆರಳಿಟ್ಟು ಬಂದಿದ್ದರೆ ಮೇಲಿನದು ತಾನಾಗಿ ಕಾಣುತ್ತದೆ. ಇಲ್ಲದಿದ್ದರೆ ಸುಮ್ನೆ ಬೆಟ್ಟ.

ಆ ಗೆರೆಯ ಕೆಳಗೆ ಒಂದು ತೂತು. ಮಾರ್ಟಿನ್ಸ್‌ಲೋಖ್, ಅಂದರೆ ಮಾರ್ಟಿನನ ತೂತು. ಕೆಳಗಿನಿಂದ ಸೂಜಿಕಣ್ಣಿನ ಹಾಗೆ ಕಂಡರೂ ಸುಮಾರು 20 ಮೀಟರ್ ಎತ್ತರದ್ದು. ಕುರಿ ಕಾಯುತ್ತಿದ್ದ ಸಂತ ಮಾರ್ಟಿನ್, ಕುರಿ ಕದಿಯಲು ಬಂದ ರಾಕ್ಷಸನ ಮೇಲೆ ಬೀಸಿದ ಕೋಲು ಗುರಿ ತಪ್ಪಿ ಬಂಡೆಗೆ ಬಿತ್ತಂತೆ. ವರ್ಷಕ್ಕೆ ಎರಡು ಸಲ, ಮಾರ್ಚ್ 12–13 ಮತ್ತು ಸೆಪ್ಟೆಂಬರ್ 30–ಅಕ್ಟೋಬರ್ 1ರಂದು, ಸೂರ್ಯ ಬೆಟ್ಟದ ಮೇಲೆ ಬರುವ ಮೊದಲೇ ಈ ತೂತಿನಿಂದ ಇಣುಕುತ್ತಾನೆ. ಬಿಸಿಲಿನ ಕೋಲು ನೇರವಾಗಿ ಊರಿನ ಚರ್ಚಿನ ಗೋಪುರದ ಮೇಲೆ ಬೀಳುತ್ತದೆ. ಒಂದೆರಡು ನಿಮಿಷ ಅಷ್ಟೇ. ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿ ದಿನ ನಂದಿಯ ಕೊಂಬಿನ ನಡುವೆ ಬಿಸಿಲು ಬರುವುದನ್ನು ಕಾದು ನಿಂತವರಿಗೆ ಈ ಕಾತರ ಗೊತ್ತು. ಒಂದೇ ವ್ಯತ್ಯಾಸ: ಅಲ್ಲಿ ಬಿಸಿಲು ಬರಲಿ ಅಂತಲೇ ಗುಡಿ ಹಾಗಿದೆ. ಇಲ್ಲಿ ತೂತು ತಾನಾಗಿ ಆದದ್ದು.

ನಾವು ಹೋದದ್ದು ಸೆಪ್ಟೆಂಬರ್ 30ಕ್ಕೇ. ಬೆಳಗ್ಗೆ ಒಂಬತ್ತೂವರೆ ಸುಮಾರಿಗೆ ಬರುತ್ತದೆ ಅಂತ ಮಗ ರಜೆ ಹಾಕಿ, ಕತ್ತಲಲ್ಲೇ ಎಬ್ಬಿಸಿ ಕರೆದುಕೊಂಡು ಬಂದಿದ್ದ. ಮೋಡ. ತೂತೂ ಇಲ್ಲ, ಬೆಟ್ಟವೂ ಇಲ್ಲ. ಹಾಗಾಗಿ ನನ್ನ ಸಲಹೆ: ಈ ದಿನಗಳಿಗೇ ಹೋಗುವುದಾದರೆ ಹಿಂದಿನ ಸಂಜೆ ಹವಾಮಾನ ನೋಡಿ, ಮತ್ತು ಬಿಸಿಲು ಬರದಿದ್ದರೂ ಉಳಿದದ್ದನ್ನು ನೋಡುತ್ತೇನೆ ಅಂತ ಗಟ್ಟಿ ಮಾಡಿಕೊಂಡು ಹೋಗಿ. ಮಗನ ಮುಖ ನೋಡಲಾಗಲಿಲ್ಲ ಪಾಪ.

ಉಳಿದದ್ದೇ ಜಾಸ್ತಿ. ಚರ್ಚಿನಿಂದ ಶುರು ಮಾಡಿ. 15ನೇ ಶತಮಾನದ ಕೊನೆಯದು, ಒಳಗೆ ಆಡಂಬರ ಇಲ್ಲ. ಆಮೇಲೆ ಮರದ ಮನೆಗಳ ನಡುವೆ ಸುಮ್ನೆ ನಡೆಯಿರಿ. ಬಿಸಿಲಿಗೆ ಕಪ್ಪಾದ ತೊಲೆಗಳು, ಸಾಲು ಸಾಲು ಸಣ್ಣ ಕಿಟಕಿ. ಊರು ತನ್ನ ಹಳೆಯ ಚಹರೆ ಕೆಡಿಸಿಕೊಳ್ಳಲಿಲ್ಲ ಅಂತ 1981ರಲ್ಲಿ ವಾಕರ್ ಪ್ರಶಸ್ತಿ ಕೊಟ್ಟಿದ್ದಾರೆ.

ಈ ಮನೆಗಳಲ್ಲಿ ಒಂದು ಸುವೋರೊವ್ ಮನೆ. 1799ರ ಅಕ್ಟೋಬರ್ 5ರ ರಾತ್ರಿ ರಷ್ಯಾದ ಸೇನಾಪತಿ ಸುವೋರೊವ್ ಇಲ್ಲಿ ತಂಗಿದ್ದ. ಎಪ್ಪತ್ತರ ಹತ್ತಿರದ ಮುದುಕ. ಇಟಲಿಯಿಂದ ಗೊಟ್‌ಹಾರ್ಡ್ ದಾಟಿ ಬಂದವನಿಗೆ ಇಲ್ಲಿ ಬರುವಷ್ಟರಲ್ಲಿ ತಿಳಿದದ್ದು, ಜ್ಯೂರಿಕ್‌ನಲ್ಲಿ ತನಗೆ ಸಿಗಬೇಕಿದ್ದ ಇನ್ನೊಂದು ರಷ್ಯನ್ ಪಡೆ ಫ್ರೆಂಚರಿಗೆ ಸೋತು ಹೋಗಿದೆ ಎಂದು. ಬೆನ್ನ ಹಿಂದೆ ಫ್ರೆಂಚರು. ಉಳಿದದ್ದು 2,400 ಮೀಟರ್ ಎತ್ತರದ ಪಾನಿಕ್ಸ್ ಘಾಟಿ ಒಂದೇ, ಅದೂ ಹೊಸ ಹಿಮದಲ್ಲಿ. ನೂರಾರು ಸೈನಿಕರು, ಪ್ರಾಣಿಗಳು ಅಲ್ಲಿ ಪ್ರಪಾತಕ್ಕೆ ಬಿದ್ದು, ಚಳಿಗೆ ಸಿಕ್ಕಿ ಸತ್ತರು. ನಾನು ಆ ಬಾಗಿಲ ಮುಂದೆ ನಿಂತು ಲೆಕ್ಕ ಹಾಕಿದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತದ್ದು ಅದೇ 1799ರ ಮೇ 4ಕ್ಕೆ, ಐದು ತಿಂಗಳ ಹಿಂದೆ. ಇಂಗ್ಲಿಷರು ಫ್ರೆಂಚರು ಲೋಕವಿಡೀ ಕಾದಾಡುತ್ತಿದ್ದ ಕಾಲ. ಇಂಗ್ಲಿಷರ ಶತ್ರುವಾಗಿ ಟಿಪ್ಪು ಫ್ರೆಂಚರ ಕಡೆ ನೋಡಿದ, ಇಂಗ್ಲಿಷರ ಮಿತ್ರನಾಗಿ ಸುವೋರೊವ್ ಫ್ರೆಂಚರ ಮೇಲೆ ಬಂದ. ಎರಡು ಪಾಠಗಳನ್ನು ಬೇರೆ ಬೇರೆ ತಿಂಗಳಲ್ಲಿ ಮಾಡುತ್ತಿದ್ದೆ. ಜೋಡಿಸಿ ಹೇಳಿದ್ದೇ ಇಲ್ಲ.

ಈಗ ಊರ ಕೆಳಭಾಗಕ್ಕೆ, ಉಂಟರ್‌ಟಾಲ್ ಕಡೆಗೆ ನಡೆಯಿರಿ. ಹಳದಿ ಫಲಕಗಳು ದಾರಿ ತೋರಿಸುತ್ತವೆ. ಅವುಗಳಲ್ಲಿರುವುದು ದೂರ ಅಲ್ಲ, ನಡೆಯಲು ಬೇಕಾದ ಸಮಯ. ಆ ಲೆಕ್ಕ ಸ್ವಿಸ್ ಮೊಣಕಾಲಿನದು. ನಮ್ಮದಕ್ಕೆ ಅರ್ಧದಷ್ಟು ಸೇರಿಸಿಕೊಳ್ಳಿ. ಫಲಕದ ತುದಿ ಬಿಳಿ‑ಕೆಂಪು‑ಬಿಳಿ ಇದ್ದರೆ ಬೆಟ್ಟದ ದಾರಿ, ಬೂಟಿಲ್ಲದೆ ಹೋಗಬೇಡಿ. ಬಿಳಿ‑ನೀಲಿ‑ಬಿಳಿ ಇದ್ದರೆ ನಮಗಲ್ಲ.

ಈ ಊರು ಬದುಕಿದ್ದು ಸ್ಲೇಟಿನ ಮೇಲೆ. ನಾವೆಲ್ಲ ಬಳಪ ಹಿಡಿದು ಅ ಆ ತಿದ್ದಿದ ಅದೇ ಸ್ಲೇಟು. ಆ ಗೆರೆಯ ಕೆಳಗಿನ ಕಪ್ಪು ಕಲ್ಲು ಪದರವಾಗಿ ಸೀಳುತ್ತದೆ. 19ನೇ ಶತಮಾನದಲ್ಲಿ ಶಾಲೆಗಳು ಹೆಚ್ಚಿದಂತೆ ಸ್ಲೇಟಿಗೆ ಎಲ್ಲಿಲ್ಲದ ಬೇಡಿಕೆ. 1868ರಲ್ಲಿ ಚಿಂಗೆಲ್‌ಬೆರ್ಗ್ ಬುಡದಲ್ಲಿ ಗಣಿ ತೆರೆದರು. ಒಳ್ಳೆಯ ಕಲ್ಲು ಬಿಡಲು ಮನಸ್ಸಿಲ್ಲದೆ ಬೆಟ್ಟವನ್ನು ಹೊರಲು ಕಂಬಗಳನ್ನೂ ಉಳಿಸದೆ ಒಳಕ್ಕೆ ಕೊರೆದರು, ಸುಮಾರು 180 ಮೀಟರ್ ಅಗಲ, 65 ಮೀಟರ್ ಆಳ. ಬೆಟ್ಟದಲ್ಲಿ ಬಿರುಕು ಬಿತ್ತು. 1881ರ ಬೇಸಿಗೆಯ ಕೊನೆಯಲ್ಲಿ ಮಳೆ ಹಿಡಿಯಿತು.

ಸೆಪ್ಟೆಂಬರ್ 11, ಭಾನುವಾರ ಸಂಜೆ. ಮೊದಲು ಒಂದು ಭಾಗ ಕುಸಿಯಿತು. ಜನ ನೋಡಲು ಓಡಿ ಬಂದರು, ಕೆಲವರು ನೆರೆಯವರ ಸಾಮಾನು ಸಾಗಿಸಲು. ಸುಮಾರು ಕಾಲು ಗಂಟೆಗೆ ಎರಡನೆಯದು. ಅದಾಗಿ ಕೆಲವೇ ನಿಮಿಷಕ್ಕೆ ನಡುವಿನ ಬೆಟ್ಟವೇ ಬಂತು. ಸುಮಾರು 1 ಕೋಟಿ ಘನ ಮೀಟರ್ ಕಲ್ಲು. ಎದುರಿನ ಡ್ಯೂನಿಬೆರ್ಗ್ ಇಳಿಜಾರು ಹತ್ತಿದರೆ ಬದುಕಿದೆವು ಅಂತ ಓಡಿದವರಿದ್ದರು. ಕಲ್ಲು ನೀರಿನ ಹಾಗೆ ಅಲ್ಲಿಗೂ ಹತ್ತಿ, ತಿರುಗಿ ಕಣಿವೆಗುಂಟ ಹರಿಯಿತು. 110ಕ್ಕೂ ಹೆಚ್ಚು ಜನ ಸತ್ತರು, 80ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಕಲ್ಲು ಹೀಗೆ ಹರಿಯುವುದು ಯಾಕೆ ಅನ್ನುವ ಅಧ್ಯಯನಕ್ಕೆ ಬುನಾದಿ ಹಾಕಿದ್ದು ಈ ದುರಂತದ ಬಗ್ಗೆ ಅದೇ ಆಲ್ಬರ್ಟ್ ಹೈಮ್ ಬರೆದ ವರದಿ. ವಾಕರ್ ಪ್ರಶಸ್ತಿ ಬಂದದ್ದು ಇದಾಗಿ ನೂರು ವರ್ಷಕ್ಕೆ.

ಈಗ ಅಲ್ಲಿ ಹುಲ್ಲುಗಾವಲು. ದನ ಮೇಯುತ್ತವೆ, ಗಂಟೆ ಸದ್ದು. ನೆಲ ಮಾತ್ರ ಸಮ ಇಲ್ಲ, ಕಾಲಡಿಗೆ ಉಬ್ಬು ತಗ್ಗು.

ಊರಲ್ಲಿ ಹಳೆಯ ಸ್ಲೇಟ್ ಕಾರ್ಖಾನೆ ಈಗ ಮ್ಯೂಸಿಯಂ ಆಗಿದೆ. ಮೊದಲೇ ಹೇಳಿ ಗೊತ್ತು ಮಾಡಿಕೊಂಡು ಹೋಗಬೇಕು. ನಾವು ಕೇಳದೆ ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದೆವು. ಎರಡನೇ ಸಲ ಹೋದದ್ದೇ ಅದಕ್ಕೆ. ಹಲಗೆ ಸೀಳಿ, ಅಳತೆಗೆ ಕತ್ತರಿಸಿ, ನಯ ಮಾಡಿ, ಗೆರೆ ಕೊರೆದು, ಮರದ ಕಟ್ಟು ಹಾಕುವ ಕೆಲಸ. ಕಟ್ಟು ಹಾಕಿದ ಒಂದು ಸ್ಲೇಟನ್ನು ಕೈಗೆ ಕೊಟ್ಟರು. ನನಗೆ ತಿಳಿಯದೆಯೇ ಅಂಗೈಯಿಂದ ಒರೆಸಿದೆ. ಮಗ ನಕ್ಕ: "ಅಮ್ಮಾ, ಉಗುಳಬೇಡ ಮಾತ್ರ."

ಊಟಕ್ಕೆ ಬುತ್ತಿ ಒಯ್ಯಿರಿ. ಕುಡಿಯಲು ಎಲ್ಮರ್ ಸಿಟ್ರೋ ತೆಗೆದುಕೊಳ್ಳಿ, ಇಲ್ಲಿನ ಚಿಲುಮೆ ನೀರಿನ ಹೆಸರಲ್ಲಿ ಬಂದ ನಿಂಬೆ ಸೋಡಾ. ನಮ್ಮ ಗೋಲಿ ಸೋಡಾದಷ್ಟು ಖಾರ ಇಲ್ಲ, ಆದರೂ ಚೆನ್ನಾಗಿದೆ. ಜೊತೆಗೆ ಮಕ್ಕಳಿದ್ದರೆ ಕೇಬಲ್ ಕಾರಿನ ತೊಟ್ಟಿಲು ಹತ್ತಿ ಮೇಲಿನ ಎಂಪೆಖ್ಲಿ ಎಂಬ ಜಾಗಕ್ಕೆ ಹೋಗಿ. ಮಾರ್ಟಿನ್ ಮತ್ತು ರಾಕ್ಷಸನ ಕಥೆಯ ಕಾಡು ಅಲ್ಲಿದೆ. ಚಳಿಗಾಲದಲ್ಲಿ ಹೋದರೆ ಅದೇ ಇಳಿಜಾರಿನಲ್ಲಿ ಸ್ಕೀ. ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ವ್ರೇನಿ ಶ್ನೈಡರ್ ಈ ಊರಿನವಳು.

ಹೊರಡುವ ಮುಂಚೆ ಹೊಳೆಯ ಹತ್ತಿರ ಇಳಿದೆ. ಅಂಗೈಯಗಲದ ಒಂದು ಕಪ್ಪು ಚಪ್ಪಡಿ ಸಿಕ್ಕಿತು. ಇನ್ನೊಂದು ಚೂರಿನ ತುದಿಯಿಂದ ಅದರ ಮೇಲೆ 'ಅ' ಬರೆದೆ. ಬೂದಿ ಬಣ್ಣದಲ್ಲಿ ಚೆನ್ನಾಗಿಯೇ ಮೂಡಿತು. ಮಗ ಬಸ್ಸಿಗೆ ನಾಲ್ಕು ನಿಮಿಷ ಇದೆ ಅಂತ ಮೇಲಿನಿಂದ ಕೂಗುತ್ತಿದ್ದ. ಚಪ್ಪಡಿಯನ್ನು ಇದ್ದಲ್ಲೇ ಇಟ್ಟು ಹತ್ತಿ ಬಂದೆ.