ಬುಗ್ಗೆ ನೋಡುವ ಮೊದಲು ವಿಸಿಟರ್ ಸೆಂಟರ್

ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿನಲ್ಲಿ ಓಲ್ಡ್ ಫೇತ್‌ಫುಲ್ ಅನ್ನೋ, ಆಗಾಗ ಚಿಮ್ಮುವ ಬಿಸಿನೀರಿನ ಬುಗ್ಗೆ ಇದೆ. ಮೊದಲ ದಿನ ನಾವು ಅದರ ಪಕ್ಕದ ವಿಸಿಟರ್ ಸೆಂಟರಿನ ಒಳಗೆ ಹೋಗಿದ್ದು ಟಾಯ್ಲೆಟ್ಟಿಗೆ ಮತ್ತು ಮ್ಯಾಪಿಗೆ ಮಾತ್ರ. ಹೊರಗೆ ಬಂದರೆ ಜನ ಬೆಂಚುಗಳಿಂದ ಎದ್ದು ಹೊರಟಿದ್ದರು. ಬುಗ್ಗೆ ಆಗಷ್ಟೇ ಚಿಮ್ಮಿ ನಿಂತಿತ್ತು. ಆರು ವರ್ಷದ ಮಗ ಅಳೋಕೆ ಶುರು ಮಾಡಿದ. ಮುಂದಿನದಕ್ಕೆ ಒಂದೂವರೆ ಗಂಟೆ ಕಾಯಬೇಕಿತ್ತು, ನಮಗೆ ಹೊತ್ತಾಗಿತ್ತು. ಬುಗ್ಗೆ ಯಾವಾಗ ಚಿಮ್ಮುತ್ತೆ ಅನ್ನೋ ಬೋರ್ಡು ಒಳಗೇ ಇತ್ತು. ನಾನು ಕತ್ತೆತ್ತಿ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಲ್ಲಿಂದಲೇ ಶುರು ಮಾಡಿದೆವು. ಪೂರ್ತಿ ಎರಡು ಗಂಟೆ ಅದಕ್ಕೇ ಅಂತ ಇಟ್ಟೆ.

ಕೌಂಟರಿನಲ್ಲಿ ಮಾತಾಡುವ ಕೆಲಸ ಮಕ್ಕಳಿಗೇ ಬಿಟ್ಟೆ. ಒಂಬತ್ತು ವರ್ಷದ ಮಗಳು ಪಾರ್ಕಿನ ರೇಂಜರ್ ಹತ್ತಿರ ಹೋಗಿ, ಬುಗ್ಗೆ ಚಿಮ್ಮೋ ಟೈಮ್ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದಳು. ಅವರು ಅವಳ ಎತ್ತರಕ್ಕೆ ಬಗ್ಗಿ ವಿವರಿಸಿದರು. ಒಂದು ಸಲ ಚಿಮ್ಮಿದರೆ ಒಂದೂವರೆಯಿಂದ ಐದು ನಿಮಿಷ ಇರುತ್ತದೆ. ಅದು ಚಿಕ್ಕದಾದರೆ ಮುಂದಿನದು ಬೇಗ ಬರುತ್ತದೆ, ಉದ್ದವಾದರೆ ತಡ. ಅದಕ್ಕೇ ಒಂದು ಸಲಕ್ಕೆ ಮುಂದಿನ ಒಂದನ್ನು ಮಾತ್ರ ಹೇಳುತ್ತಾರೆ, ಅದೂ ಹತ್ತು ನಿಮಿಷ ಹಿಂದೆ ಮುಂದೆ ಆಗಬಹುದು. ಮಗಳು ಕೂಡಲೇ ನನ್ನ ಫೋನ್ ಕೇಳಿದಳು, ಸ್ಟಾಪ್‌ವಾಚಿಗೆ.

ಮಕ್ಕಳಿಗೆ ಅಂತಲೇ ಒಂದು ಕೋಣೆ ಇದೆ, ಅದರೊಳಗೆ ಬುಗ್ಗೆಯ ಮಾದರಿ. ಇಂಥ ಬುಗ್ಗೆಗೆ ಇಂಗ್ಲಿಷಿನಲ್ಲಿ ಗೀಸರ್ ಅಂತಾರೆ, ಆದರೆ ಗೀಸರ್ ಅಂದರೆ ಮಗನಿಗೆ ಗೊತ್ತಿದ್ದದ್ದು ಬಚ್ಚಲುಮನೆಯದು. ಇಲ್ಲಿ ನೆಲದ ಕೆಳಗಿನ ಕೊಳವೆ ಕಣ್ಣಿಗೇ ಕಾಣುತ್ತೆ ಅಲ್ವಾ, ಅಲ್ಲಿಂದ ಅವನು ಕದಲಲೇ ಇಲ್ಲ. ಕೆಳಗಿನ ನೀರನ್ನು ಬಿಸಿ ಬಂಡೆ ಕಾಯಿಸುತ್ತಲೇ ಇರುತ್ತದೆ. ಮೇಲಿನ ನೀರಿನ ಭಾರಕ್ಕೆ ಅದು ಕುದಿಯಲಾಗದೆ ಒತ್ತಿಕೊಂಡಿರುತ್ತದೆ. ಮೇಲಿನದು ಸ್ವಲ್ಪ ತುಳುಕಿ ಹೋದರೆ ಸಾಕು, ಭಾರ ಇಳಿದು ಕೆಳಗಿನದು ಒಮ್ಮೆಲೇ ಹಬೆಯಾಗಿ ಎಲ್ಲವನ್ನೂ ಮೇಲಕ್ಕೆ ದಬ್ಬುತ್ತದೆ. ನಾನು ಬಾಯಿಬಿಟ್ಟು ಹೇಳೋಕೆ ಹೊರಟಿದ್ದೆ, ತಡೆದುಕೊಂಡೆ. ಮೂರನೇ ಸಲ ನೋಡಿದಾಗ ಅವನೇ ಹೇಳಿದ: "ಅಮ್ಮಾ, ಮೇಲಿನ ನೀರು ಮುಚ್ಚಳ ಇದ್ದ ಹಾಗೆ!" ಅಷ್ಟು ಚೆನ್ನಾಗಿ ನನಗೆ ಹೇಳೋಕೆ ಬರುತ್ತಿರಲಿಲ್ಲ.

ಜೂನಿಯರ್ ರೇಂಜರ್ ಅನ್ನೋ ಮಕ್ಕಳ ಚಟುವಟಿಕೆ ಪುಸ್ತಕವನ್ನೂ ತೆಗೆದುಕೊಂಡೆವು. ಇಬ್ಬರಿಗೂ ಬೇರೆ ಬೇರೆ ಪುಸ್ತಕ, ಬೇರೆ ಪೆನ್ಸಿಲ್. ಇಲ್ಲದಿದ್ದರೆ ಅಕ್ಕ ಬರೆಯುತ್ತಾಳೆ, ತಮ್ಮ ನೋಡುತ್ತಾ ಕೂರುತ್ತಾನೆ. ಒಂದೇ ಏಟಿಗೆ ಮುಗಿಸಿ ಅಂತ ಕೂರಿಸಬೇಡಿ. ಕಾಯುವಾಗ ಎರಡು ಪುಟ, ನಡೆದು ಸುಸ್ತಾದಾಗ ಒಂದು ಪುಟ, ಹೀಗೆ ಮಾಡಿಸಿದರೆ ಸಾಕು. ಅಲ್ಲಿ ತೋರಿಸುವ ಸಿನಿಮಾ ಬಿಟ್ಟೆವು. ಅಂಗಡಿಗೆ ಕೊನೆಗೆ ಹೋಗೋಣ ಅಂದೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಹೆಬ್ಬೆರಳಿನ ಲೆಕ್ಕ. ಬೈಸನ್ ಅಂದರೆ ಅಲ್ಲಿನ ಕಾಡುದನ, ಅದರಿಂದ ಕಡಿಮೆ ಅಂದರೂ 23 ಮೀಟರ್ ದೂರ ಇರಬೇಕು, ಕರಡಿ, ತೋಳಗಳಿಂದ 91 ಮೀಟರ್. ಮಕ್ಕಳಿಗೆ ಮೀಟರ್ ಹೇಳಿದರೆ ಏನು ಗೊತ್ತಾಗುತ್ತೆ? ಕೈ ಪೂರ್ತಿ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಬೇಕು. ಪ್ರಾಣಿ ಬೆರಳ ಹಿಂದೆ ಪೂರ್ತಿ ಮರೆಯಾಗದಿದ್ದರೆ ಹಿಂದೆ ಸರಿಯಬೇಕು. ಮಧ್ಯಾಹ್ನ ಹುಲ್ಲಿನ ಮೇಲೆ ಒಂದು ಬೈಸನ್ ಮಲಗಿತ್ತು. ಮಗ ನಾನು ಹೇಳುವ ಮೊದಲೇ ಬೆರಳೆತ್ತಿ ನೋಡಿ, "ಬಾಲ ಕಾಣ್ತಿದೆ, ಹಿಂದೆ ಬನ್ನಿ" ಅಂತ ನಮ್ಮನ್ನೆಲ್ಲ ಸರಿಸಿದ.

ಅದಕ್ಕೂ ಮೊದಲು, ಬೋರ್ಡಿನ ಟೈಮಿಗೆ ಇಪ್ಪತ್ತು ನಿಮಿಷ ಮುಂಚೆಯೇ ಬೆಂಚಿನಲ್ಲಿ ಕೂತಿದ್ದೆವು. ಎರಡು ಸಲ ಸುಮ್ನೆ ತುಳುಕಿತು. ಮಗ "ಮುಚ್ಚಳ, ಮುಚ್ಚಳ" ಅಂತ ನನ್ನ ತೋಳು ಹಿಡಿದ. ಆಮೇಲೆ ಬಂತು ನೋಡಿ! ಬಿಳಿ ನೀರು ಮೇಲೆ ಮೇಲೆ ಏರಿತು, ಹಬೆ ಗಾಳಿಗೆ ಪಕ್ಕಕ್ಕೆ ವಾಲಿತು. ಮಗಳು ಒಂದು ಕಣ್ಣು ಫೋನ್ ಮೇಲೇ ಇಟ್ಟಿದ್ದಳು. ನಾಲ್ಕು ನಿಮಿಷ ದಾಟಿತ್ತು.

"ಇದು ಉದ್ದದ್ದು. ಮುಂದಿನದು ತಡ," ಅಂದಳು. ಜನ ಕಾರುಗಳ ಕಡೆ ಹೊರಟರೆ, ನನ್ನ ಮಕ್ಕಳಿಬ್ಬರೂ ಬೋರ್ಡು ನೋಡೋಕೆ ಒಳಗೆ ಓಡಿದರು.