ರಾಜಮುಡಿ ಸೊಂಟದೆತ್ತರಕ್ಕೆ ಇಳಿದದ್ದು

ನಮ್ಮದು ಕುಣಿಗಲ್ ತಾಲೂಕು, ಅಮೃತೂರು ಕಡೆ, ಮಾರ್ಕೋನಹಳ್ಳಿ ಅಚ್ಚುಕಟ್ಟು. ರಾಜಮುಡಿ ಅನ್ನೋ ನಾಟಿ ಕೆಂಪಕ್ಕಿ ಭತ್ತ ಹಾಕಿದವರಿಗೆ ಅದರ ಗೋಳು ಗೊತ್ತೇ ಇದೆ. ಎದೆಮಟ್ಟ ಬೆಳೆಯುತ್ತೆ, ತೆನೆ ಬಾಗೋ ಹೊತ್ತಿಗೆ ಒಂದು ಮಳೆ ಬಿದ್ದರೆ ಚಾಪೆ ಹಾಸಿದ ಹಾಗೆ ಮಲಗುತ್ತೆ. ಮಲಗಿದ್ದನ್ನು ಕೊಯ್ಯೋಕೆ ಆಳು ಬರಲ್ಲ, ಬಂದರೂ ಒಂದೂವರೆ ಕೂಲಿ. ನೆಲಕ್ಕೆ ಬಿದ್ದ ಕಾಳು ಅಲ್ಲೇ ಮೊಳಕೆ. ಹಾಗಂತ ಐಆರ್-64 ಅನ್ನೋ ಗಿಡ್ಡ ಬಿಳಿ ಅಕ್ಕಿ ತಳಿ ಹಾಕಿದರೆ ಗದ್ದೆಯಲ್ಲಿ ನಿಲ್ಲುತ್ತೆ, ಅನ್ನಕ್ಕೆ ಆ ರುಚಿ ಇಲ್ಲ, ಅಕ್ಕಿಗೆ ಆ ಬೆಲೆಯೂ ಇಲ್ಲ. ಎರಡನ್ನೂ ಕ್ರಾಸ್ ಮಾಡಿ ಗಿಡ್ಡ ಕೆಂಪಕ್ಕಿ ತೆಗೀತೀನಿ ಅಂದಾಗ ಒಂದು ಕಚೇರಿಯಲ್ಲಿ ಸಾಹೇಬರೊಬ್ಬರು, "ಅದು ವಿಜ್ಞಾನಿಗಳ ಕೆಲಸ ಕಣ್ರೀ, ನೀವು ಗೊಬ್ಬರ ಹಾಕ್ರಿ" ಅಂದರು. 2016ರ ಮಾತು. ಕಳೆದ ಸುಗ್ಗಿಯಲ್ಲಿ ಎಕರೆಗೆ 18 ಕ್ವಿಂಟಾಲ್ ಆಯಿತು, ಒಂದು ಬುಡವೂ ಮಲಗಲಿಲ್ಲ. ಅದಕ್ಕೇ ಬರೀತಿದೀನಿ.

ಮೊದಲ ವರ್ಷ ದಡ್ಡತನ. ಎರಡಕ್ಕೂ ಒಂದೇ ದಿನ ಸಸಿಯ ಒಟ್ಲು ಬಿಟ್ಟೆ. ಐಆರ್-64 ಹೂವಾಡಿ ಕಾಳು ಕಟ್ಟುವಾಗ ರಾಜಮುಡಿ ಇನ್ನೂ ಹೊಡೆಯಲ್ಲೇ ಇತ್ತು, ತೆನೆ ಹೊರಗೇ ಬಂದಿರಲಿಲ್ಲ. ಮದುವೆಗೆ ಗಂಡೇ ಬರಲಿಲ್ಲ. ಮುಂದಿನ ವರ್ಷ ರಾಜಮುಡಿ ಮೊದಲು ಬಿಟ್ಟು, ಐಆರ್-64 ಅನ್ನು ಹತ್ತತ್ತು ದಿನದ ಅಂತರದಲ್ಲಿ ಮೂರು ಮಡಿ ಮಾಡಿದೆ. ಒಂದಾದರೂ ಸಿಕ್ಕೇ ಸಿಗುತ್ತೆ.

ಭತ್ತದ ಹೂವು ತನ್ನ ಪರಾಗಕ್ಕೆ ತಾನೇ ಕಾಳು ಕಟ್ಟಿಕೊಳ್ಳುತ್ತೆ, ಅದಕ್ಕೇ ತಾಯಿ ಮಾಡಿಕೊಂಡ ಐಆರ್-64ರ ಕೇಸರ ಮೊದಲು ಕೊಲ್ಲಬೇಕು. ಅದಕ್ಕೆ ಬಿಸಿನೀರಿನ ದಾರಿ ಸುಲಭ ಅಂತ ಕೇಳಿದ್ದೆ. 42-43 ಡಿಗ್ರಿ ನೀರಲ್ಲಿ ತೆನೆಯನ್ನು ಐದು ನಿಮಿಷ ಅದ್ದಿದರೆ ಪರಾಗ ಸಾಯುತ್ತೆ, ಹೆಣ್ಣು ಭಾಗ ಉಳಿಯುತ್ತೆ. ಆರುನೂರು ಚಿಲ್ಲರೆ ಕೊಟ್ಟು ಟೀ ಫ್ಲಾಸ್ಕ್ ತಂದೆ. ಮನೆಯಲ್ಲಿದ್ದದ್ದು ಜ್ವರ ನೋಡೋ ಥರ್ಮಾಮೀಟರ್, ಅದು 42ಕ್ಕೇ ಮುಗಿದುಹೋಗುತ್ತೆ! ಅಂದಾಜಿನ ಮೇಲೆ ಅದ್ದಿದೆ. ಒಂದು ತೆನೆ ಬೆಂದೇ ಹೋಯ್ತು. ಇನ್ನೊಂದರಲ್ಲಿ ಕಾಳು ತುಂಬಿ ಬಂತು, ಖುಷಿಪಟ್ಟೆ. ಆಮೇಲೆ ನೋಡಿದರೆ ತನ್ನ ಪರಾಗಕ್ಕೆ ತಾನೇ ಕಟ್ಟಿಕೊಂಡದ್ದು. ಫ್ಲಾಸ್ಕ್ ಈಗ ಗದ್ದೆಗೆ ಕಾಫಿ ಒಯ್ಯೋಕೆ.

ಕೊನೆಗೆ ಕತ್ತರಿ-ಚಿಮುಟಕ್ಕೇ ಬಂದೆ. ಸಂಜೆ ಐಆರ್-64 ಹೂವಿನ ಹೊಟ್ಟಿನ ತುದಿ ಕತ್ತರಿಸಿ ಆರು ಕೇಸರಾನೂ ಕೀಳೋದು, ಬೆಣ್ಣೆ ಕಾಗದದ ಚೀಲ ಹಾಕೋದು, ಮಾರನೇ ದಿನ ಹತ್ತು-ಹನ್ನೊಂದು ಗಂಟೆಗೆ ಅದರ ಮೇಲೆ ರಾಜಮುಡಿ ತೆನೆ ಕೊಡವೋದು. ಎಲ್ಲರಿಗೂ ಗೊತ್ತಿರೋದೇ. ಗಂಡು ತೆನೆಯನ್ನು ಬೆಳಗ್ಗೆ ಕೊಯ್ದು ಬಾಟಲಿ ನೀರಲ್ಲಿ ಇಡ್ತೀನಿ, ಆ ನೀರಿಗೆ ಏನು ಬೆರೆಸ್ತೀನಿ ಅನ್ನೋದು ನನ್ನ ಹತ್ರಾನೇ ಇರಲಿ. ಎಂಟು ತೆನೆ, ಮುನ್ನೂರರ ಹತ್ತಿರ ಹೂವು, ಕಟ್ಟಿದ್ದು ಹನ್ನೊಂದೇ ಕಾಳು.

ಎಡವಿದ್ದು ಇಲ್ಲೇ. ಕತ್ತರಿಸಿದ ಹೊಟ್ಟಲ್ಲವೆ, ಅಕ್ಕಿ ಮೂತಿ ಆಚೆ ಹಾಕಿಕೊಂಡು ಬೆಳೆಯುತ್ತೆ. ನೋಡಿದರೆ ಹನ್ನೊಂದೂ ಬಿಳಿ. ಕೆಂಪು ಗಂಡು ಕೊಟ್ಟು ಬಿಳಿ ಹುಟ್ಟಿದರೆ ಕ್ರಾಸ್ ಆಗಿಲ್ಲ ಅಂತ ತಾನೇ? ಎರಡನ್ನು ಕೋಳಿಗೆ ಎಸೆದೆ. ಉಳಿದದ್ದು ಸೋಮಾರಿತನದಿಂದ ಬೆಂಕಿಪೊಟ್ಟಣದಲ್ಲಿ ಉಳೀತು. ಆಮೇಲೆ ತಿಳಿದದ್ದು, ಅಕ್ಕಿಯ ಮೇಲಿನ ಬಣ್ಣದ ಸಿಪ್ಪೆ ತಾಯಿಯದು. ತಾಯಿ ಬಿಳಿಯಾದರೆ ಆ ಕಾಳು ಬಿಳಿಯೇ, ಒಳಗೆ ಯಾವ ಅಪ್ಪ ಇದ್ದರೂ. ಕೋಳಿ ತಿಂದ ಆ ಎರಡು ಕಾಳು ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಒಂಬತ್ತರಲ್ಲಿ ಏಳು ಮೊಳೆತವು. ಐದು ಗಿಡ್ಡ, ಎರಡು ಎದೆಮಟ್ಟ. ಚಿಕ್ಕಪ್ಪ ಬದುವಿನ ಮೇಲೆ ನಿಂತು, "ಏನ್ಲಾ ಮಗ, ಗಿಡ್ಡ ಮಾಡ್ತೀನಿ ಅಂತ ಹೋಗಿ ಉದ್ದ ಮಾಡಿದ್ಯಲ್ಲೋ" ಅಂತ ನಕ್ಕರು. ಎತ್ತರ ಅಪ್ಪ ರಾಜಮುಡಿಯಿಂದಲೇ ಬರಬೇಕು, ಹಾಗಾಗಿ ಉದ್ದದವೇ ನಿಜವಾದ ಕ್ರಾಸ್. ಗಿಡ್ಡ ಐದೂ ತಾಯಿಯ ಸ್ವಂತ ಪರಾಗದವು. ಕಿತ್ತು ಹಸುಗೆ ಹಾಕಿದೆ. ಚಿಕ್ಕಪ್ಪ ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡೇ ಹೋದರು. ಆ ಎರಡು ಗಿಡದ ಕಾಳು ಸುಲಿದಾಗ ಕೆಂಪು.

2019ರಲ್ಲಿ ಅದರ ಮಕ್ಕಳನ್ನು ಒಂದು ಗುಂಟೆಗೆ ಅಡಿಗೊಂದರಂತೆ ನೆಡಿಸಿದೆ, ಸಾವಿರದ ನೂರರಷ್ಟು. "ಒಂದೊಂದು ಕಡ್ಡಿ ನೆಡೋಕೆ ನಮ್ಮನ್ನ ಕರೆದ್ಯೇನಣ್ಣ" ಅಂತ ನಾಟಿಯ ಹೆಂಗಸರು ಅಂದರು, ಕೂಲಿ ಮಾತ್ರ ಪೂರ್ತಿ. ಆದರೆ ಎಂಥಾ ಗುಂಟೆ ಅದು! ಒಂದೇ ಜೋಡಿಯ ಸಂತಾನ ಅಂದರೆ ಯಾರೂ ನಂಬಲ್ಲ. ಒಂದು ಮೊಣಕಾಲುದ್ದ, ಪಕ್ಕದ್ದು ಕುತ್ತಿಗೆಯುದ್ದ. ಒಂದು ನೂರಹತ್ತು ದಿನಕ್ಕೆ ಹಣ್ಣಾದರೆ ಇನ್ನೊಂದು ನೂರೈವತ್ತಕ್ಕೂ ಹಸಿರು. ಬುಡದಿಂದ ಒಡೆಯೋ ಕವಲು, ಅಂದರೆ ತೆಂಡೆ, ಮೂರೇ ಇದ್ದದ್ದೂ ಇತ್ತು, ಮೂವತ್ತರದೂ ಇತ್ತು. ಗಿಡ್ಡ ಕಾಲುಭಾಗ, 270-280 ಸಿಕ್ಕವು. ಒಂದೊಂದರಿಂದ ಎರಡು ಮೂರು ಕಾಳು ಹೆಂಚಿನ ಮೇಲೆ ಉಜ್ಜಿ ನಾನೂ ನನ್ನ ಹೆಂಡತಿಯೂ ಬಣ್ಣ ನೋಡಿದೆವು. ನಾಲ್ಕು ರಾತ್ರಿ ಹಿಡೀತು. ಗಿಡ್ಡವೂ ಕೆಂಪೂ ಆದವು ಇನ್ನೂರು ಚಿಲ್ಲರೆ, ಅದರಲ್ಲಿ ನಲವತ್ತು ಇಟ್ಟುಕೊಂಡೆ.

ಗೆದ್ದೆ ಅಂದುಕೊಂಡೆ. ಮುಂದಿನ ವರ್ಷ ಒಂದೊಂದು ಗಿಡದ ಕಾಳನ್ನು ಒಂದೊಂದು ಸಾಲು ಹಾಕಿದರೆ, ಆ ನಲವತ್ತು ಸಾಲಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಸಾಲಿನಲ್ಲಿ ಬಿಳಿ ಅಕ್ಕಿ ಎದ್ದು ಬಂತು. ಎತ್ತರ ಮಾತ್ರ ಒಂದೂ ಬರಲಿಲ್ಲ. ಗಿಡ್ಡತನ ಒಮ್ಮೆ ಕಂಡರೆ ಅದು ಎರಡೂ ಕಡೆಯಿಂದ ಬಂದದ್ದು, ಮತ್ತೆ ಹೋಗಲ್ಲ. ಕೆಂಪಿಗೆ ಒಬ್ಬರ ಕಡೆಯಿಂದ ಬಂದರೂ ಸಾಕು, ಒಳಗೆ ಬಿಳಿ ಅಡಗಿರುತ್ತೆ. ಅದಕ್ಕೆ ಕೆಂಪು ಗಿಡ ಆರಿಸಿದರೆ ಸಾಲದು, ಪೂರ್ತಿ ಕೆಂಪಾದ ಸಾಲು ಆರಿಸಬೇಕು. ಹೆಂಚು ಮತ್ತೆ ಹೊರಗೆ ಬಂತು. ಉಳಿದದ್ದು ಹದಿನಾಲ್ಕು ಸಾಲು.

ಆ ನಡುವೆ ರಾಗಿಗೂ ಕೈ ಹಾಕಿದ್ದೆ. ಕಣ್ಣಿಗೇ ಕಾಣದ ಹೂವು, ಚಿಮುಟ ಹಿಡಿದು ಒಂದು ವಾರ ಕೂತರೂ ಒಂದು ಕಾಳೂ ದಕ್ಕಲಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರಲ್ಲ, ಅದೆಂಥಾ ತಾಳ್ಮೆ ಅಂತ ಅವತ್ತು ಗೊತ್ತಾಯ್ತು. ಕೈಮುಗಿದು ಭತ್ತಕ್ಕೆ ವಾಪಸ್ ಬಂದೆ.

ಭತ್ತದ ಐದನೇ ತಲೆಮಾರಿಗೆ ತೆನೆಯ ಕುತ್ತಿಗೆ ಒಣಗಿಸೋ ಬೆಂಕಿರೋಗ ಹೊಡೀತು. ಹದಿನಾಲ್ಕರಲ್ಲಿ ಒಂಬತ್ತು ಸಾಲು ಬರೀ ಜೊಳ್ಳು. ಎರಡು ದಿನ ಊಟ ಸೇರಲಿಲ್ಲ. ಆದರೆ ಆರಿಸೋ ಕಷ್ಟವನ್ನು ರೋಗವೇ ತೆಗೆದುಕೊಂಡಿತ್ತು. ಔಷಧಿ ಹೊಡೆದಿದ್ದರೆ ಆ ಒಂಬತ್ತನ್ನೂ ಇವತ್ತಿನವರೆಗೆ ಸಾಕ್ತಾ ಇರ್ತಿದ್ದೆ. ಉಳಿದ ಐದರಲ್ಲಿ ಕಡ್ಡಿ ಗಟ್ಟಿ ಯಾವುದು ಅಂತ ತಿಳಿಯೋಕೆ ನಂದೇ ಒಂದು ಪರೀಕ್ಷೆ ಇದೆ, ಅದನ್ನೂ ಇಲ್ಲಿ ಬರೆಯಲ್ಲ. ಕೊನೆಗೆ ನಿಂತದ್ದು ಒಂದು ಸಾಲು, 135 ದಿನದ್ದು. ಮನೆಯಲ್ಲಿ ಅದಕ್ಕೆ ಕುಳ್ಳಮುಡಿ ಅಂತಾರೆ.

ಖರ್ಚು ಬರೆದಿಟ್ಟಿಲ್ಲ. ಗದ್ದೆ ಬಿಟ್ಟುಕೊಟ್ಟ ನಷ್ಟ, ಕೂಲಿ, ಬಲೆ, ಚೀಲ ಸೇರಿ ಎಂಟು ವರ್ಷಕ್ಕೆ ಅರವತ್ತು ಸಾವಿರ ಆಗಿರಬಹುದು. ಅದರಲ್ಲಿ ಒಂದು ಮೂಟೆ ಮಿಲ್ಲಲ್ಲೇ ಹೋಯ್ತು: ಹುಡುಗ ಪಾಲಿಶ್ ಜಾಸ್ತಿ ಕೊಟ್ಟ, ಕೆಂಪೆಲ್ಲ ತೌಡಿಗೆ. ಈಗ ಪಕ್ಕದಲ್ಲೇ ನಿಂತು ಮಾಡಿಸ್ತೀನಿ. ಅಕ್ಕಿ ಕೆಜಿಗೆ 80ರಂತೆ ಮನೆಯಿಂದಲೇ ಹೋಗುತ್ತೆ. ಇಳುವರಿ ಐಆರ್-64ಕ್ಕಿಂತ ಮೂರ್ನಾಲ್ಕು ಕ್ವಿಂಟಾಲ್ ಕಮ್ಮಿ, ರಾಜಮುಡಿಗಿಂತ ಐದಾರು ಜಾಸ್ತಿ.

ಬಿತ್ತನೆ ಮಾರಿದರೆ ಕೇಸ್ ಆಗುತ್ತೆ ಅಂತ ಹೆದರಿಸಿದವರೂ ಇದ್ದಾರೆ. 2001ರ ಸಸ್ಯ ತಳಿ ಸಂರಕ್ಷಣೆ ಕಾಯ್ದೆ ಓದಿಸಿ ನೋಡಿದೆ. ಬ್ರ್ಯಾಂಡ್ ಹಾಕದೆ ರೈತ ತನ್ನ ಬೀಜ ಕೊಡಬಹುದು, ಮಾರಬಹುದು. ಹಾಗಾಗಿ ಚೀಲದ ಮೇಲೆ ಏನೂ ಬರೆಯಲ್ಲ. ಚಿಕ್ಕಪ್ಪ ಹತ್ತು ಸೇರು ಒಯ್ದಿದ್ದಾರೆ, ದುಡ್ಡು ಇನ್ನೂ ಬಂದಿಲ್ಲ.

ಹೋದ ಸಲ ಕಟಾವು ಮೆಷಿನ್ ಹೊಟ್ಟೆಯಲ್ಲಿದ್ದ ಯಾರದೋ ಭತ್ತ ಬೆರೆತು ಬಿತ್ತನೆಯಲ್ಲಿ ಬಿಳಿ ಕಾಣಿಸಿಕೊಂಡಿದೆ. ಈ ಸಲ ಬಿತ್ತನೆಗೆ ಅಂತ ಮೂರು ಗುಂಟೆ ಬೇರೆ ಬಿಟ್ಟಿದೀನಿ, ಕುಡುಗೋಲಲ್ಲೇ ಕೊಯ್ದು ಕಲ್ಲಿಗೆ ಬಡಿದು ತೆಗೆಯೋದು. ಹೆಂಚು ಇನ್ನೂ ಅಟ್ಟಕ್ಕೆ ಹೋಗಿಲ್ಲ.